ಫೈಬರ್ ಬಂದ ಮೇಲೆ ಮನೆಯ ಮೆಶ್ ವೈಫೈ: ಒಂದು ಪ್ರಕರಣ ಅಧ್ಯಯನ

ಫೈಬರ್ ಸಂಪರ್ಕ ಹಾಕಿಸಿಕೊಂಡ ಮೇಲೂ ಮಹಡಿಯ ಕೋಣೆಯಲ್ಲಿ ವಿಡಿಯೊ ಕರೆ ಕಡಿದುಹೋಗುತ್ತಿದೆ ಎಂಬ ದೂರು ಅಪರೂಪದ್ದೇನಲ್ಲ. ತಾಮ್ರದ ತಂತಿಯ ಮೇಲೆ ಬರುವ ಡಿಎಸ್‌ಎಲ್ ಸಂಪರ್ಕದಲ್ಲಿ ವೇಗವನ್ನು ನಿರ್ಧರಿಸುವ ಅಡಚಣೆ ಸಾಮಾನ್ಯವಾಗಿ ಮನೆಯ ಹೊರಗೇ ಇರುತ್ತದೆ. ಮನೆಯೊಳಗಿನ ಕೇಬಲ್, ರೌಟರ್, ವೈಫೈಗಳಲ್ಲಿ ಏನೇ ಕೊರತೆಯಿದ್ದರೂ ಅದು ಆ ಅಡಚಣೆಯ ಮರೆಯಲ್ಲಿ ಉಳಿದುಬಿಡುತ್ತದೆ. ಫೈಬರ್ ಬಂದ ದಿನವೇ ಅಡಚಣೆ ಮನೆಯೊಳಕ್ಕೆ ಸರಿಯುತ್ತದೆ ಮತ್ತು ಅಷ್ಟು ಕಾಲ ಕಾಣದೆ ಉಳಿದಿದ್ದ ಕೊರತೆಗಳು ಒಂದೊಂದಾಗಿ ಹೊರಬೀಳುತ್ತವೆ. ಇಲ್ಲಿ ವಿವರಿಸುವ ಮನೆಯಲ್ಲಿ ಇಂಥ ಕೊರತೆಗಳು ಹಲವಿದ್ದವು. ಪ್ರತಿಯೊಂದೂ ಇನ್ನೊಂದನ್ನು ಮುಚ್ಚಿಕೊಂಡಿತ್ತು ಎಂಬುದೇ ಈ ಪ್ರಕರಣವನ್ನು ಪೂರ್ಣವಾಗಿ ಬರೆದಿಡಲು ನನಗೆ ಕಾರಣ.

ಮನೆ ಮತ್ತು ಅದರ ಹಳೆಯ ಜಾಲ

ಇದು ಎರಡು ಅಂತಸ್ತಿನ ಮನೆ. ಗೋಡೆಗಳು ಇಟ್ಟಿಗೆಯವು, ನಡುವಿನ ತಾರಸಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನದು. ಕೆಳಗೆ ಮುಂದಿನ ಕೋಣೆ, ನಡುಮನೆ, ಹಿಂದಿನ ಕೋಣೆ ಒಂದೇ ಸಾಲಿನಲ್ಲಿವೆ. ಮೆಟ್ಟಿಲು ನಡುಮನೆಯಿಂದ ಮೇಲಕ್ಕೆ ಹೋಗುತ್ತದೆ. ದೂರವಾಣಿಯ ತಂತಿ ಮುಂದಿನ ಗೋಡೆಯಿಂದ ಒಳಬಂದು, ಗೋಡೆಯೊಳಗಿನ ಕೊಳವೆಯ ಮೂಲಕ ನಡುಮನೆಯ ಮೆಟ್ಟಿಲ ಬುಡದವರೆಗೆ ಬಂದಿತ್ತು. ಡಿಎಸ್‌ಎಲ್ ಮೋಡೆಮ್ ಅಲ್ಲೇ ಇತ್ತು, ಮೆಶ್‌ನ ಮುಖ್ಯ ನೋಡ್ ಅದರ ಪಕ್ಕದಲ್ಲೇ ಇತ್ತು. ಹಲವು ವೈಫೈ ಉಪಕರಣಗಳು ಒಂದಕ್ಕೊಂದು ಕೊಂಡಿಯಾಗಿ ಮನೆಯಿಡೀ ಒಂದೇ ಜಾಲವನ್ನು ಹರಡುವ ವ್ಯವಸ್ಥೆಯೇ ಮೆಶ್; ಅದರ ಒಂದೊಂದು ಉಪಕರಣವೂ ಒಂದು ನೋಡ್. ಎರಡನೆಯ ನೋಡ್ ಮಹಡಿಯ ಮೆಟ್ಟಿಲ ತುದಿಯಲ್ಲಿ, ಮೂರನೆಯದು ಹಿಂದಿನ ಕೋಣೆಯಲ್ಲಿ. ಮೂರೂ 2.4 ಮತ್ತು 5 ಗಿಗಾಹರ್ಟ್ಸ್‌ನ ಎರಡು ಬ್ಯಾಂಡ್‌ಗಳಲ್ಲಿ ಕೆಲಸ ಮಾಡುವ ವೈಫೈ 5 ತಲೆಮಾರಿನ ಉಪಕರಣಗಳು.

ಹಳೆಯ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿತ್ತು. ಮುಖ್ಯ ನೋಡ್ ಮನೆಯ ನಟ್ಟನಡುವೆ ಇದ್ದುದರಿಂದ ಉಳಿದೆರಡು ನೋಡ್‌ಗಳಿಗೂ ಅದು ಒಂದೇ ಜಿಗಿತದ ದೂರದಲ್ಲಿತ್ತು, ಅಂದರೆ ನಡುವೆ ಬೇರೆ ನೋಡ್ ಇರಲಿಲ್ಲ. ಬರುತ್ತಿದ್ದುದು 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ಮಾತ್ರ. ಅಷ್ಟನ್ನು ಮೂರೂ ನೋಡ್‌ಗಳು ಮನೆಯ ಮೂಲೆಮೂಲೆಗೂ ಸಲೀಸಾಗಿ ತಲುಪಿಸುತ್ತಿದ್ದವು.

ಹೊಸ ಫೈಬರ್ ಸಂಪರ್ಕ 500 ಎಂಬಿಪಿಎಸ್‌ನದು. ಅದನ್ನು ಅಳವಡಿಸಲು ಬಂದವರು ಮುಂದಿನ ಕೋಣೆಯ ಹೊರಗೋಡೆಗೆ ರಂಧ್ರ ಕೊರೆದು, ಅಲ್ಲೇ ಮೂಲೆಯಲ್ಲಿ ಒಎನ್‌ಟಿ ಪೆಟ್ಟಿಗೆಯನ್ನು ಗೋಡೆಗೆ ಬಿಗಿದು ಹೋದರು. ಎಳೆಯಲ್ಲಿ ಬರುವ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವುದು ಈ ಪೆಟ್ಟಿಗೆಯ ಮೂಲ ಕೆಲಸ. ಈಗ ಮನೆಗಳಿಗೆ ಕೊಡುವ ಹೆಚ್ಚಿನ ಪೆಟ್ಟಿಗೆಗಳಂತೆ ಇದರಲ್ಲೂ ರೌಟರ್ ಮತ್ತು ವೈಫೈ ಸೇರಿಕೊಂಡಿದ್ದವು. ಮನೆಯವರು ಮೆಶ್‌ನ ಮುಖ್ಯ ನೋಡನ್ನು ಅಲ್ಲಿಗೆ ಒಯ್ದು ಪೆಟ್ಟಿಗೆಗೆ ಜೋಡಿಸಿದರು. ಫೋನ್‌ಗಳಲ್ಲಿ ಪಾಸ್‌ವರ್ಡ್ ಬದಲಿಸುವ ತೊಂದರೆ ಬೇಡವೆಂದು ಪೆಟ್ಟಿಗೆಯ ವೈಫೈಗೂ ಮೆಶ್‌ನ ಹೆಸರನ್ನೇ ಕೊಟ್ಟರು. ಅವರ ಸ್ಥಾನದಲ್ಲಿ ಯಾರಿದ್ದರೂ ಬಹುಶಃ ಹಾಗೆಯೇ ಮಾಡುತ್ತಿದ್ದರು.

ಆ ಬಳಿಕ ಕಂಡದ್ದು ಇಷ್ಟು. ಮುಂದಿನ ಕೋಣೆಯಲ್ಲಿ ಫೋನ್ 480 ಎಂಬಿಪಿಎಸ್‌ವರೆಗೂ ತೋರಿಸುತ್ತಿತ್ತು. ನಡುಮನೆ ದಾಟಿದರೆ 35ರಿಂದ 38ಕ್ಕೆ ಇಳಿಯುತ್ತಿತ್ತು; ಹಿಂದಿನ ಕೋಣೆಯಲ್ಲಿ 30ನ್ನೂ ಮುಟ್ಟುತ್ತಿರಲಿಲ್ಲ. ಕರೆಯಲ್ಲಿ ಮಾತನಾಡುತ್ತಾ ಮೆಟ್ಟಿಲು ಹತ್ತಿದರೆ ಕರೆ ಕಡಿಯುತ್ತಿತ್ತು. ಪ್ರಿಂಟರ್ ಕೆಲವೊಮ್ಮೆ ಕಾಣಿಸುತ್ತಿತ್ತು, ಕೆಲವೊಮ್ಮೆ ಮಾಯವಾಗುತ್ತಿತ್ತು. ಆಟದ ಕನ್ಸೋಲ್ ನ್ಯಾಟ್ (ರೌಟರ್ ಮಾಡುವ ವಿಳಾಸ ಬದಲಾವಣೆ) ನಿರ್ಬಂಧದ ಎಚ್ಚರಿಕೆ ಕೊಡುತ್ತಿತ್ತು. ಮೆಶ್ ಹಳತಾಗಿದೆ, ಹೊಸದನ್ನು ಕೊಳ್ಳಬೇಕು ಎಂಬ ತೀರ್ಮಾನಕ್ಕೆ ಮನೆಯವರು ಬಹುಮಟ್ಟಿಗೆ ಬಂದಾಗಿತ್ತು. ಕೊಳ್ಳುವ ಮೊದಲು ಅಳೆದು ನೋಡೋಣ ಎಂದು ನಾನು ಒತ್ತಾಯಿಸಿದೆ.

ಒಂದರ ಹಿಂದೆ ಇನ್ನೊಂದು ಅಡಚಣೆ

ಇಂಥ ಸಂದರ್ಭದಲ್ಲಿ ಫೋನ್ ಹಿಡಿದು ಕೋಣೆಯಿಂದ ಕೋಣೆಗೆ ಹೋಗುತ್ತಾ ಸ್ಪೀಡ್ ಟೆಸ್ಟ್ ಮಾಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆ ಒಂದು ಅಂಕಿಯಲ್ಲಿ ಸೇವಾದಾತರ ಸಂಪರ್ಕ, ಪೆಟ್ಟಿಗೆ, ಕೇಬಲ್, ಮುಖ್ಯ ನೋಡ್, ನೋಡ್‌ಗಳ ನಡುವಿನ ಕೊಂಡಿ, ಫೋನಿನ ವೈಫೈ ಎಲ್ಲವೂ ಬೆರೆತಿರುತ್ತವೆ. ಆದ್ದರಿಂದ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಫೈಬರ್ ತುದಿಯಿಂದ ಒಂದೊಂದೇ ಹೆಜ್ಜೆ ಒಳಕ್ಕೆ ಬರುತ್ತಾ ಅಳೆಯಲು ನಿರ್ಧರಿಸಲಾಯಿತು. ಮನೆಯೊಳಗಿನ ಕೊಂಡಿಗಳನ್ನಷ್ಟೇ ಅಳೆಯಲು, ಇಂಟರ್ನೆಟ್ಟನ್ನು ಮುಟ್ಟದೆ ಎರಡು ಕಂಪ್ಯೂಟರ್‌ಗಳ ನಡುವೆ ದತ್ತಾಂಶ ಹರಿಸುವ ಐಪರ್ಫ್ ತಂತ್ರಾಂಶವನ್ನು ಬಳಸಲಾಯಿತು.

ಪೆಟ್ಟಿಗೆಗೆ ನೇರವಾಗಿ ಜೋಡಿಸಿದಾಗ 485 ಎಂಬಿಪಿಎಸ್ ಸಿಕ್ಕಿತು. ಸೇವಾದಾತರ ಕಡೆಯಲ್ಲಿ ದೋಷವಿಲ್ಲ ಎಂಬುದು ಅಲ್ಲಿಗೇ ಖಚಿತವಾಯಿತು. ಅದೇ ಲ್ಯಾಪ್‌ಟಾಪನ್ನು ಮೆಶ್‌ನ ಮುಖ್ಯ ನೋಡ್‌ನ ಪೋರ್ಟ್‌ಗೆ ಜೋಡಿಸಿದಾಗ ಸಿಕ್ಕಿದ್ದು 38. ವೈಫೈಯ ಪಾತ್ರವೇ ಇಲ್ಲದ ಅಳತೆಯಲ್ಲಿ, ಪೆಟ್ಟಿಗೆಯಿಂದ ಒಂದು ಗೇಣು ದೂರದಲ್ಲಿ, ಹತ್ತರಲ್ಲಿ ಒಂಬತ್ತು ಪಾಲು ಇಲ್ಲವಾಗಿತ್ತು.

38 ಎಂಬ ಅಂಕಿಯೇ ಸುಳಿವು ಕೊಟ್ಟಿತು, ಏಕೆಂದರೆ ಅದು ಹಳೆಯ ಸಂಪರ್ಕದ ವೇಗಕ್ಕೆ ತೀರಾ ಹತ್ತಿರವಾಗಿತ್ತು. ಮುಖ್ಯ ನೋಡ್‌ನ ಸೆಟ್ಟಿಂಗ್‌ಗಳನ್ನು ತೆರೆದಾಗ ಕ್ಯೂಒಎಸ್ (ಯಾವ ದತ್ತಾಂಶ ಮೊದಲು ಹೋಗಬೇಕೆಂದು ನಿಯಂತ್ರಿಸುವ ಸೌಲಭ್ಯ) ಚಾಲನೆಯಲ್ಲಿತ್ತು, ಡೌನ್‌ಲೋಡ್ ಮಿತಿಯ ಜಾಗದಲ್ಲಿ 38 ಎಂದೇ ನಮೂದಾಗಿತ್ತು. ಡಿಎಸ್‌ಎಲ್ ಕಾಲದಲ್ಲಿ ಇದು ಸರಿಯಾದ ತೀರ್ಮಾನವೇ ಆಗಿತ್ತು. ಯಾರಾದರೂ ದೊಡ್ಡ ಕಡತ ಇಳಿಸಿಕೊಳ್ಳುವಾಗ ಮೋಡೆಮ್ಮಿನಲ್ಲಿ ಪ್ಯಾಕೆಟ್‌ಗಳ (ದತ್ತಾಂಶದ ತುಣುಕುಗಳ) ಸರದಿ ಬೆಳೆದು ಉಳಿದವರ ಕರೆಗಳು ತಡವರಿಸದಂತೆ, ಮಿತಿಯನ್ನು ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕೆಳಗಿಟ್ಟು, ಆ ಸರದಿಯನ್ನು ರೌಟರ್ ತಾನೇ ನಿಭಾಯಿಸುವಂತೆ ಮಾಡಲಾಗಿತ್ತು. ಸಂಪರ್ಕ ಬದಲಾದರೂ ಮಿತಿ ಹಾಗೆಯೇ ಉಳಿಯಿತು. ಮನೆಗೆ ಎಷ್ಟು ವೇಗ ಬರುತ್ತಿದೆ ಎಂಬುದನ್ನು ಮೆಶ್ ಈ ಬಗೆಯ ನಮೂದಿನಿಂದಲೇ ತಿಳಿದುಕೊಳ್ಳುವುದರಿಂದ, ಸಂಪರ್ಕ ಬದಲಿಸಿದವರು ಎಲ್ಲಕ್ಕಿಂತ ಮೊದಲು ನೋಡಬೇಕಾದ ಜಾಗ ಇದು.

ಕ್ಯೂಒಎಸ್ ನಿಲ್ಲಿಸಿದಾಗ ವೇಗ 94ಕ್ಕೆ ಏರಿ ಅಲ್ಲೇ ನಿಂತಿತು. ಎಷ್ಟು ಬಾರಿ ಅಳೆದರೂ 94, ಕೆಲವೊಮ್ಮೆ 93.8. ಜಾಲಗಳ ಕೆಲಸ ಮಾಡುವವರಿಗೆ ಈ ಅಂಕಿ ಚಿರಪರಿಚಿತ. 100 ಎಂಬಿಪಿಎಸ್‌ನ ಈಥರ್‌ನೆಟ್ (ಕೇಬಲ್ ಜಾಲದ) ಕೊಂಡಿಯಲ್ಲಿ ಪ್ಯಾಕೆಟ್‌ಗಳ ತಲೆಬರಹಗಳ (ವಿಳಾಸ ಮುಂತಾದ ವಿವರಗಳ) ಭಾರ ಕಳೆದು ಬಳಕೆದಾರರಿಗೆ ಉಳಿಯುವುದು ಸುಮಾರು 94ರಿಂದ 95 ಮಾತ್ರ. ಗಿಗಾಬಿಟ್ (1000 ಎಂಬಿಪಿಎಸ್) ಕೊಂಡಿಯಲ್ಲಿ ಅದೇ ಲೆಕ್ಕ 940ರ ಆಸುಪಾಸಿಗೆ ಬರುತ್ತದೆ. ವೈಫೈಯಿಂದ ಬಂದ ಅಡಚಣೆಯಾದರೆ ಅಂಕಿ ಏರಿಳಿಯುತ್ತದೆ. ಅಲುಗಾಡದ 94 ಕಂಡರೆ ಕೇಬಲ್ ಅಥವಾ ಪೋರ್ಟನ್ನೇ ಶಂಕಿಸಬೇಕು.

ಪೆಟ್ಟಿಗೆ ಮತ್ತು ಮುಖ್ಯ ನೋಡ್‌ನ ನಡುವೆ ಇದ್ದುದು ಹಳೆಯ ಮೋಡೆಮ್ಮಿನ ಜೊತೆ ಬಂದಿದ್ದ ಚಿಕ್ಕ ಕೇಬಲ್. ಅದರ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದಾಗ ವಿಷಯ ಕಣ್ಣಿಗೇ ಕಂಡಿತು. ಎಂಟು ಲೋಹದ ಪಿನ್ನುಗಳ ಪೈಕಿ 1, 2, 3 ಮತ್ತು 6ನೆಯದರ ಕೆಳಗೆ ಮಾತ್ರ ಬಣ್ಣದ ತಂತಿಗಳಿದ್ದವು. ಉಳಿದ ನಾಲ್ಕರ ಕೆಳಗಿನ ಜಾಡುಗಳು ಬರಿದಾಗಿದ್ದವು. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 40 ಎಂಬಿಪಿಎಸ್‌ನ ಕಾಲದಲ್ಲಿ ಈ ಕೇಬಲ್ ಯಾವ ತೊಂದರೆಯನ್ನೂ ಕೊಡಲು ಸಾಧ್ಯವಿರಲಿಲ್ಲ. ಎಂಟೂ ತಂತಿಗಳಿರುವ ಕ್ಯಾಟ್ 6 ಕೇಬಲ್ ಹಾಕಿದೊಡನೆ ಮುಖ್ಯ ನೋಡ್‌ನ ಪೋರ್ಟ್‌ನಲ್ಲಿ 470 ಬಂತು.

ಇಷ್ಟರಲ್ಲಿ ಹೊಸದಾಗಿ ಕೊಂಡದ್ದು ಒಂದು ಕೇಬಲ್ ಮಾತ್ರ. ಹೊಸ ಮೆಶ್ ತಂದಿದ್ದರೆ ಕ್ಯೂಒಎಸ್‌ನ ಮಿತಿ ಹಳೆಯ ನೋಡ್‌ನ ಜೊತೆಗೇ ಹೋಗುತ್ತಿತ್ತು. ಆದರೆ ಅದೇ ಹಳೆಯ ಕೇಬಲ್ಲಿಗೆ ಹೊಸ ನೋಡನ್ನು ಜೋಡಿಸಿದ್ದರೆ 94ರಲ್ಲೇ ನಿಂತು, ಹೊಸ ಮೆಶ್ ಕೂಡ ಪ್ರಯೋಜನವಿಲ್ಲ ಎಂಬ ತಪ್ಪು ನಿರ್ಣಯಕ್ಕೆ ಬರಬೇಕಾಗುತ್ತಿತ್ತು.

ಎರಡು ರೌಟರ್‌ಗಳ ಸಮಸ್ಯೆ

ಕರೆ ಕಡಿಯುವುದು, ಪ್ರಿಂಟರ್ ಮಾಯವಾಗುವುದು, ಕನ್ಸೋಲಿನ ಎಚ್ಚರಿಕೆ ಇವು ಮೂರೂ ಬೇರೆ ಬೇರೆಯಂತೆ ಕಂಡರೂ ಮೂಲ ಒಂದೇ. ಪೆಟ್ಟಿಗೆಯೂ ರೌಟರ್, ಮುಖ್ಯ ನೋಡ್ ಕೂಡ ರೌಟರ್. ಮನೆಯೊಳಗೆ ಎರಡು ಪ್ರತ್ಯೇಕ ಜಾಲಗಳು ಉಂಟಾಗಿ, ಹೊರಗೆ ಹೋಗುವ ಪ್ರತಿ ಪ್ಯಾಕೆಟ್ಟಿನ ವಿಳಾಸ ಎರಡು ಬಾರಿ ಬದಲಾಗುತ್ತಿತ್ತು. ಇದನ್ನು ಡಬಲ್ ನ್ಯಾಟ್ ಎನ್ನುತ್ತಾರೆ. ವೆಬ್ ಪುಟ ನೋಡಲು ಅದರಿಂದ ಅಡ್ಡಿಯಿಲ್ಲ. ಹೊರಗಿನಿಂದ ಒಳಕ್ಕೆ ಸಂಪರ್ಕ ಬೇಕಾದ ಕೆಲಸಗಳು ಕೆಡುತ್ತವೆ. ಎರಡೂ ವೈಫೈಗಳಿಗೆ ಒಂದೇ ಹೆಸರಿದ್ದುದರಿಂದ ಫೋನ್ ಅವೆರಡನ್ನೂ ಒಂದೇ ಜಾಲವೆಂದು ಭಾವಿಸಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು. ದಾಟಿದ ಕಡೆ ಅದರ ಹಳೆಯ ಐಪಿ ವಿಳಾಸಕ್ಕೆ ಬೆಲೆಯಿರಲಿಲ್ಲವಾದ್ದರಿಂದ ಕರೆ ಕಡಿಯುತ್ತಿತ್ತು. ಫೋನ್ ಪೆಟ್ಟಿಗೆಯ ವೈಫೈಯಲ್ಲಿದ್ದಾಗ ಮೆಶ್‌ನಲ್ಲಿದ್ದ ಪ್ರಿಂಟರ್ ಅದಕ್ಕೆ ಕಾಣುತ್ತಿರಲಿಲ್ಲ.

ಪರಿಹಾರಕ್ಕೆ ಎರಡು ದಾರಿಗಳಿದ್ದವು. ಮೆಶ್ಶನ್ನು ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸಿ ರೌಟರ್ ಕೆಲಸವನ್ನು ಪೆಟ್ಟಿಗೆಗೆ ಬಿಡುವುದು ಒಂದು. ಪೆಟ್ಟಿಗೆಯನ್ನು ಬ್ರಿಡ್ಜ್ ವಿಧಾನಕ್ಕೆ ಬದಲಿಸಿ ರೌಟರ್ ಕೆಲಸವನ್ನು ಮುಖ್ಯ ನೋಡ್‌ಗೆ ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಸುಲಭ, ಸೇವಾದಾತರನ್ನು ಕೇಳಬೇಕಾಗಿಲ್ಲ. ಆದರೆ ಹಲವು ಮೆಶ್‌ಗಳಲ್ಲಿ ಆ ವಿಧಾನಕ್ಕೆ ಹೋದರೆ ಮಕ್ಕಳ ಬಳಕೆಯ ನಿಯಂತ್ರಣದಂಥ ಸೌಲಭ್ಯಗಳು ಕೈತಪ್ಪುತ್ತವೆ. ಈ ಮನೆಯಲ್ಲಿ ಆ ಸೌಲಭ್ಯವನ್ನು ನಿತ್ಯ ಬಳಸುತ್ತಿದ್ದರು. ಪ್ರಿಂಟರಿಗೂ ಕ್ಯಾಮೆರಾಗಳಿಗೂ ಮುಖ್ಯ ನೋಡ್‌ನಲ್ಲೇ ಸ್ಥಿರ ವಿಳಾಸಗಳನ್ನು ಕಾದಿರಿಸಿದ್ದರು. ಆದ್ದರಿಂದ ಎರಡನೆಯ ದಾರಿಯನ್ನೇ ಆರಿಸಲಾಯಿತು. ಹಾಗೆ ಮಾಡುವ ಮೊದಲು ಸೇವಾದಾತರಿಂದ ಮೂರು ವಿಷಯಗಳನ್ನು ತಿಳಿದುಕೊಳ್ಳಬೇಕು: ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ವಿಧಾನ) ಇದ್ದರೆ ಅದರ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್, ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲಗಳನ್ನು ವಿಂಗಡಿಸುವ ಗುರುತು) ಸಂಖ್ಯೆ ಬೇಕೇ ಎಂಬುದು, ಮತ್ತು ಪೆಟ್ಟಿಗೆಗೆ ಜೋಡಿಸಿದ ದೂರವಾಣಿ ಬ್ರಿಡ್ಜ್ ವಿಧಾನದಲ್ಲೂ ಕೆಲಸ ಮಾಡುತ್ತದೆಯೇ ಎಂಬುದು. ಮೂರನೆಯದನ್ನು ಕೇಳಲು ಬಹಳ ಮಂದಿ ಮರೆಯುತ್ತಾರೆ.

ಪಿಪಿಪಿಒಇ ಪ್ರತಿ ಪ್ಯಾಕೆಟ್ಟಿನಲ್ಲೂ 8 ಬೈಟ್ ತೆಗೆದುಕೊಳ್ಳುವುದರಿಂದ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500ರಿಂದ 1492ಕ್ಕೆ ಇಳಿಯುತ್ತದೆ. ಇದು ತಪ್ಪಿದ್ದರೆ ಕೆಲವು ತಾಣಗಳು ಅರ್ಧಕ್ಕೆ ನಿಲ್ಲುತ್ತವೆ, ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಕೈಕೊಡುತ್ತದೆ. ಒಡೆಯಬಾರದೆಂಬ ಸೂಚನೆಯೊಡನೆ 1464 ಬೈಟ್‌ಗಳ ಪಿಂಗ್ (ಪರೀಕ್ಷೆಯ ಪ್ಯಾಕೆಟ್) ಕಳುಹಿಸಿದಾಗ ಹೋಯಿತು, 1465ಕ್ಕೆ ಹೋಗಲಿಲ್ಲ. 28 ಬೈಟ್‌ಗಳ ತಲೆಬರಹ ಸೇರಿದರೆ 1492 ಆಗುವುದರಿಂದ ಅದು ಸರಿಯಾಗಿತ್ತು.

ಬ್ರಿಡ್ಜ್ ಆದ ಮೇಲೂ ಕನ್ಸೋಲಿನ ದೂರು ಪೂರ್ತಿ ಹೋಗಲಿಲ್ಲ. ಮುಖ್ಯ ನೋಡ್‌ಗೆ ಹೊರಗಿನಿಂದ ಸಿಕ್ಕ ವಿಳಾಸ 100.64.0.0ರಿಂದ 100.127.255.255ರವರೆಗಿನ ವ್ಯಾಪ್ತಿಯಲ್ಲಿತ್ತು. ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಸೇವಾದಾತರಿಗಾಗಿ 2012ರಲ್ಲಿ ಮೀಸಲಿಟ್ಟ ವ್ಯಾಪ್ತಿ ಇದು. ಮನೆಯೊಳಗೆ ಏನು ಬದಲಿಸಿದರೂ ಇದು ಸರಿಹೋಗುವುದಿಲ್ಲ. ಪ್ರತ್ಯೇಕ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು ಅಥವಾ ವಿಳಾಸ ಹಂಚಿಕೊಳ್ಳಬೇಕಾಗಿಲ್ಲದ ಹೊಸ ವಿಳಾಸ ವ್ಯವಸ್ಥೆಯಾದ ಐಪಿವಿ6 ಬಳಸಬೇಕು. ಈ ಸಂಪರ್ಕದಲ್ಲಿ ಐಪಿವಿ6 ಲಭ್ಯವಿತ್ತು. ಮುಖ್ಯ ನೋಡ್‌ನಲ್ಲಿ ಮಾತ್ರ ಅದು ಆಫ್ ಆಗಿತ್ತು. ಫೈರ್‌ವಾಲ್ ಚಾಲನೆಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು ಅದನ್ನು ಆನ್ ಮಾಡಲಾಯಿತು.

ನಡುವನ್ನು ಮರಳಿ ನಡುವಿಗೆ ತರುವುದು

ಇಷ್ಟಾದರೂ ಹಿಂದಿನ ಕೋಣೆಯ ಸ್ಥಿತಿ ಹೆಚ್ಚು ಸುಧಾರಿಸಲಿಲ್ಲ. ಐಪರ್ಫ್ ಅಳತೆಯಲ್ಲಿ ಮುಖ್ಯ ನೋಡ್‌ನಿಂದ ಮಹಡಿಯ ನೋಡ್‌ಗೆ 85 ಎಂಬಿಪಿಎಸ್, ಹಿಂದಿನ ಕೋಣೆಗೆ 30. ಇದು ಈ ಪ್ರಕರಣದ ಅತ್ಯಂತ ಮುಖ್ಯ ಭಾಗ ಎಂದು ನನ್ನ ಅಭಿಪ್ರಾಯ, ಏಕೆಂದರೆ ಮೇಲಿನ ದೋಷಗಳು ಎಲ್ಲ ಮನೆಗಳಲ್ಲೂ ಇರಬೇಕೆಂದಿಲ್ಲ. ಆದರೆ ಫೈಬರ್ ಒಳಬರುವ ಜಾಗ ಮನೆಯ ಅಂಚಿನಲ್ಲೇ ಇರುವುದು ಬಹುತೇಕ ಎಲ್ಲ ಕಡೆಯೂ ಕಾಣುವ ಸಂಗತಿ.

ಮುಖ್ಯ ನೋಡ್ ನಡುಮನೆಯಿಂದ ಮುಂದಿನ ಮೂಲೆಗೆ ಸರಿದಾಗ ಉಳಿದೆರಡು ನೋಡ್‌ಗಳು ತಮ್ಮ ಜಾಗದಲ್ಲೇ ಇದ್ದವು. ಮಹಡಿಯ ನೋಡ್‌ಗೆ ಅದರ ಸಂಕೇತ ಒಂದು ಗೋಡೆ ಮತ್ತು ತಾರಸಿಯನ್ನು ಓರೆಯಾಗಿ ದಾಟಿ, ಮೈನಸ್ 76 ಡಿಬಿಎಂನಷ್ಟು (ಸಂಕೇತದ ಬಲದ ಅಳತೆ) ಕ್ಷೀಣವಾಗಿ ತಲುಪುತ್ತಿತ್ತು. ಹಿಂದಿನ ಕೋಣೆಯ ನೋಡ್‌ಗೆ ಮುಖ್ಯ ನೋಡ್ ಸರಿಯಾಗಿ ಸಿಗದೆ, ಅದು ಮಹಡಿಯ ನೋಡ್‌ನ ಮೂಲಕ ಜೋಡಿಸಿಕೊಂಡಿತ್ತು. ನಡುವಿನಿಂದ ಎರಡು ಕಡೆಗೆ ಚಾಚಿದ್ದ ಜಾಲ ಒಂದರ ಹಿಂದೊಂದು ನಿಂತ ಸರಪಳಿಯಾಗಿತ್ತು. ಎರಡು ಬ್ಯಾಂಡ್‌ನ ನೋಡ್ ಹಿಂದಿನಿಂದ ಪಡೆದ ದತ್ತಾಂಶವನ್ನು ಅದೇ 5 ಗಿಗಾಹರ್ಟ್ಸ್ ರೇಡಿಯೊದಲ್ಲಿ ಮುಂದಕ್ಕೆ ಕಳುಹಿಸಬೇಕು. ಒಂದೇ ಪ್ಯಾಕೆಟ್ ಗಾಳಿಯಲ್ಲಿ ಎರಡು ಬಾರಿ ಹೋಗುವುದರಿಂದ ಪ್ರತಿ ಜಿಗಿತಕ್ಕೂ ವೇಗ ಸರಿಸುಮಾರು ಅರ್ಧವಾಗುತ್ತದೆ.

ಫೈಬರ್ ಎಳೆಯನ್ನೇ ನಡುಮನೆಯವರೆಗೆ ಒಯ್ಯಬಹುದೇ ಎಂದು ಮನೆಯವರು ಕೇಳಿದರು. ಒಯ್ಯಬಹುದು, ಆದರೆ ಅದು ಸೇವಾದಾತರ ತಂತ್ರಜ್ಞರು ಮಾಡಬೇಕಾದ ಕೆಲಸ. ಎಳೆ ಹೆಚ್ಚು ಬಾಗಿದರೆ ಬೆಳಕು ಸೋರುತ್ತದೆ. ಹಸಿರು ಬಣ್ಣದ ಕನೆಕ್ಟರಿನೊಳಗೆ ಎಳೆಯ ತುದಿಯನ್ನು 8 ಡಿಗ್ರಿ ಓರೆಯಾಗಿ ನಯಗೊಳಿಸಿರುತ್ತಾರೆ. ಅದಕ್ಕೆ ಒಂದು ಕಣ ಧೂಳು ಕುಳಿತರೂ ಸಂಕೇತ ಕುಗ್ಗುತ್ತದೆ. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣದ ಅವಗೆಂಪು ಬೆಳಕಾದ್ದರಿಂದ ಬಿಚ್ಚಿ ಇಣುಕಿ ನೋಡುವುದಂತೂ ಸಲ್ಲದು. ಎಳೆಯನ್ನು ಇದ್ದಲ್ಲೇ ಬಿಟ್ಟು, 100 ಮೀಟರ್‌ವರೆಗೆ ನಿಶ್ಚಿಂತೆಯಿಂದ ಸಾಗುವ ಈಥರ್‌ನೆಟ್ ಕೇಬಲ್ಲನ್ನು ಪೆಟ್ಟಿಗೆಯಿಂದ ನಡುಮನೆಗೆ ಒಯ್ಯುವುದೇ ಮೇಲು ಎಂದು ತೀರ್ಮಾನವಾಯಿತು.

ಅದಕ್ಕೆ ದಾರಿ ಆಗಲೇ ಇತ್ತು. ಗೋಡೆಯೊಳಗಿನ ಕೊಳವೆಯಲ್ಲಿ ದೂರವಾಣಿಯ ಹಳೆಯ ತಂತಿ ಇನ್ನೂ ಮಲಗಿತ್ತು. ಅದರ ತುದಿಗೆ ಎರಡು ಕ್ಯಾಟ್ 6 ಕೇಬಲ್‌ಗಳನ್ನು ಮುಂದೆಹಿಂದೆ ಜರುಗಿಸಿ ಕಟ್ಟಿ, ಗಂಟು ದಪ್ಪವಾಗದಂತೆ ಟೇಪನ್ನು ಮೊನಚಾಗಿ ಸುತ್ತಿ, ಒಬ್ಬರು ಮುಂದಿನ ಕೋಣೆಯಿಂದ ನೂಕುತ್ತಾ ಇನ್ನೊಬ್ಬರು ನಡುಮನೆಯಿಂದ ಮೆಲ್ಲಗೆ ಎಳೆದರು. ತಿರುವಿನಲ್ಲಿ ಸಿಕ್ಕಿಕೊಂಡಾಗ ಜೋರಾಗಿ ಎಳೆಯದೆ, ಒಂದಿಷ್ಟು ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಬೇಕಾಯಿತು. ಕೇಬಲ್ ಪೂರ್ತಿ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅಗ್ಗವಾದರೂ ಇಂಥ ಕೆಲಸಕ್ಕೆ ತಕ್ಕದ್ದಲ್ಲ. ವಿದ್ಯುತ್ ತಂತಿಗಳಿರುವ ಕೊಳವೆಯಲ್ಲಿ ಇದನ್ನು ಹಾಯಿಸಲೇಬಾರದು.

ಮುಖ್ಯ ನೋಡ್ ಹೀಗೆ ತನ್ನ ಹಳೆಯ ಜಾಗಕ್ಕೆ ಮರಳಿತು. ಅಲ್ಲಿಂದ ಇನ್ನೊಂದು ಕೇಬಲ್ಲನ್ನು ಮೆಟ್ಟಿಲ ಪಕ್ಕದ ಗೋಡೆಯಂಚಿನಲ್ಲಿ ಮೇಲಕ್ಕೆ ಒಯ್ದು ಮಹಡಿಯ ನೋಡ್‌ಗೆ ಜೋಡಿಸಲಾಯಿತು. ಮುಖ್ಯ ನೋಡ್‌ನಲ್ಲಿ ಎರಡೇ ಪೋರ್ಟ್‌ಗಳಿದ್ದುದರಿಂದ ಒಂದು ಚಿಕ್ಕ ಗಿಗಾಬಿಟ್ ಸ್ವಿಚ್ (ಒಂದು ಪೋರ್ಟಿಗೆ ಹಲವು ಕೇಬಲ್‌ಗಳನ್ನು ಸೇರಿಸುವ ಉಪಕರಣ) ಬೇಕಾಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಳಿದ ನೋಡ್‌ಗಳ ಕೇಬಲ್ ಮುಖ್ಯ ನೋಡ್‌ನ ಒಳಬದಿಗೇ (ಮನೆಯ ಜಾಲದ ಕಡೆಯ ಪೋರ್ಟ್‌ಗೇ) ಬರಬೇಕು. ಫೈಬರ್ ಪೆಟ್ಟಿಗೆಯಲ್ಲಿ ಪೋರ್ಟ್ ಖಾಲಿಯಿದೆ ಎಂದು ಅಲ್ಲಿಗೆ ಜೋಡಿಸಿದರೆ ಆ ನೋಡ್ ಮುಖ್ಯ ನೋಡ್‌ನ ಜಾಲದಿಂದ ಹೊರಗುಳಿಯುತ್ತದೆ, ಕೆಲವೊಮ್ಮೆ ತಂತಿ ಮತ್ತು ವೈಫೈಗಳ ನಡುವೆ ಸುತ್ತು ಉಂಟಾಗಿ ಇಡೀ ಜಾಲವೇ ಸ್ತಬ್ಧವಾಗುತ್ತದೆ.

ಹಿಂದಿನ ಕೋಣೆಗೆ ಕೇಬಲ್ ಒಯ್ಯಬೇಕೆಂದರೆ ಗೋಡೆ ಒಡೆಯಬೇಕಿತ್ತು. ಅದರ ನೋಡ್ ಈಗ ಮುಖ್ಯ ನೋಡ್‌ಗೆ ನೇರವಾಗಿ, ಒಂದೇ ಜಿಗಿತದಲ್ಲಿ ಸೇರಿಕೊಂಡು 210 ಎಂಬಿಪಿಎಸ್ ಕೊಡುತ್ತಿತ್ತು. ಆ ಕೋಣೆಯಲ್ಲಿ ನಡೆಯುವ ಓದು, ಕರೆ, ವಿಡಿಯೊಗಳಿಗೆ ಅದು ಧಾರಾಳವಾಗಿ ಸಾಕು. ಅಂಕಿಯನ್ನು ಹಿಗ್ಗಿಸುವುದಕ್ಕಾಗಿಯೇ ಗೋಡೆ ಒಡೆಯುವುದನ್ನು ನಾನು ಒಪ್ಪಲಿಲ್ಲ. ಮಹಡಿಯಲ್ಲಿ ತಂತಿಯ ಮೂಲಕ 470, ನೋಡ್‌ನ ಹತ್ತಿರ ಫೋನಿನಲ್ಲಿ 430 ಬಂತು. 80 ಮೆಗಾಹರ್ಟ್ಸ್ ಅಗಲದ ಚಾನಲ್ಲಿನಲ್ಲಿ ಎರಡು ಆಂಟೆನಾಗಳ ವೈಫೈ 5 ಫೋನ್ 866 ಎಂಬಿಪಿಎಸ್‌ನಲ್ಲಿ ಜೋಡಿಸಿಕೊಂಡರೂ ನಿಜವಾಗಿ ಸಿಗುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರವಾದ್ದರಿಂದ, ಇದು ಆ ಉಪಕರಣಗಳ ಗರಿಷ್ಠಕ್ಕೆ ಹತ್ತಿರದ ಫಲಿತಾಂಶ. ನಡುಮನೆಯ ಟಿವಿಗೆ ಕೇಬಲ್ ಹಾಕಿದಾಗ ಮತ್ತೆ 94 ಕಂಡು ಮನೆಯವರು ಗಾಬರಿಯಾದರು. ಹಲವು ಟಿವಿಗಳ ಈಥರ್‌ನೆಟ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಆಗಿರುತ್ತದೆ, ಈ ಬಾರಿ ಕೇಬಲ್ಲಿನಲ್ಲಿ ದೋಷವಿರಲಿಲ್ಲ.

ಚಾನಲ್‌ಗಳ ವಿಷಯ ಬೇಗ ಮುಗಿಯಿತು. 2.4 ಗಿಗಾಹರ್ಟ್ಸ್‌ನಲ್ಲಿ 20 ಮೆಗಾಹರ್ಟ್ಸ್ ಅಗಲ, ಒಂದರ ಮೇಲೊಂದು ಬೀಳದ 1, 6, 11ರ ಪೈಕಿ ಖಾಲಿಯಿದ್ದುದು. 5 ಗಿಗಾಹರ್ಟ್ಸ್‌ನಲ್ಲಿ ಮಹಡಿಯ ನೋಡ್ ತಂತಿಯಲ್ಲಿದ್ದುದರಿಂದ ಅದಕ್ಕೆ ಬೇರೆಯೇ ಚಾನಲ್ ಕೊಡಲು ಸಾಧ್ಯವಾಯಿತು.

ಉಳಿದದ್ದು ವಿದ್ಯುತ್ತಿನ ಪ್ರಶ್ನೆ. ತಾಮ್ರದ ತಂತಿಯ ಸಾದಾ ದೂರವಾಣಿಗೆ ಬೇಕಾದ ವಿದ್ಯುತ್ತು ದೂರವಾಣಿ ವಿನಿಮಯ ಕೇಂದ್ರದಿಂದಲೇ ಬರುತ್ತಿತ್ತು. ಮನೆಯಲ್ಲಿ ದೀಪ ಹೋದರೂ ಫೋನ್ ನಡೆಯುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಪೆಟ್ಟಿಗೆಗೆ ಮನೆಯ ವಿದ್ಯುತ್ತೇ ಬೇಕು. ವಯಸ್ಸಾದವರು ತುರ್ತು ಕರೆಗೆ ಸ್ಥಿರ ದೂರವಾಣಿಯನ್ನೇ ನೆಚ್ಚಿಕೊಂಡಿರುವ ಮನೆಗಳಲ್ಲಿ ಇದು ವೇಗಕ್ಕಿಂತ ದೊಡ್ಡ ವಿಷಯ. ಸಂಪರ್ಕ ಬದಲಿಸುವಾಗ ಈ ಮಾತನ್ನು ಯಾರೂ ಎತ್ತದಿರುವುದು ನನಗೆ ನಿಜಕ್ಕೂ ಆತಂಕದ ಸಂಗತಿ. ಈ ಮನೆಯಲ್ಲಿ ಪೆಟ್ಟಿಗೆಗೊಂದು, ಮುಖ್ಯ ನೋಡ್ ಮತ್ತು ಸ್ವಿಚ್‌ಗೊಂದು ಚಿಕ್ಕ ಬ್ಯಾಟರಿ ಯುಪಿಎಸ್ ಇಡಲಾಯಿತು.

ಕೊಳವೆಯಲ್ಲಿ ಎಳೆದ ಎರಡನೆಯ ಕೇಬಲ್ ಸದ್ಯಕ್ಕೆ ಬಳಕೆಯಲ್ಲಿಲ್ಲ. ಅದರ ಎರಡೂ ತುದಿಗಳಿಗೆ ಪ್ಲಗ್ ಹಾಕಿ, ಗಿಗಾಬಿಟ್‌ನಲ್ಲಿ ಜೋಡಣೆಯಾಗುವುದನ್ನು ಪರೀಕ್ಷಿಸಿ, ಗುರುತಿನ ಚೀಟಿ ಅಂಟಿಸಿಡಲಾಗಿದೆ. ಮುಖ್ಯ ನೋಡ್‌ನ ಪೋರ್ಟ್‌ಗಳು ಗಿಗಾಬಿಟ್‌ನವು; ಮುಂದೆಂದಾದರೂ ಅದಕ್ಕಿಂತ ವೇಗದ ಯೋಜನೆಗೆ ಹೋದರೆ ಆ ಪೋರ್ಟೇ ಅಡಚಣೆಯಾಗುತ್ತದೆ, ಆಗ ಬದಲಿಸಬೇಕಾದದ್ದು ಆ ನೋಡ್ ಮತ್ತು ಸ್ವಿಚ್. ಮುಂದಿನ ಕೋಣೆಗೆ ನೋಡ್ ಬೇಕಾದರೆ ಈ ಎರಡನೆಯ ಕೇಬಲ್ ಅದಕ್ಕೆ ಒದಗುತ್ತದೆ.